ಮೊಗ್ಗಿನ ಜಡೆಯ ಮಗು

ಕಂತು ಏಳು

“ಹೂವು ಕೀಳೋಕೆ ಚಪ್ಪಲಿ ಹಾಕ್ಕೊಂಡು ಹೋಗೋರಲ್ಲ ನಮ್ಮಪ್ಪ.”

ಶುಭಾ ಈ ಮಾತನ್ನು ಬೆಳಗಿನಿಂದ ನಾಲ್ಕನೇ ಸಲ ಹೇಳುತ್ತಿದ್ದಳು. ಪತ್ತೇದಾರಿ ಪಂಕಜಾ ನಾಲ್ಕನೇ ಸಲವೂ ತಲೆಯಾಡಿಸಿದಳು. ಸಾವಾದ ಮನೆಯಲ್ಲಿ ಹೇಳಿದ್ದನ್ನೇ ಹೇಳುವುದಕ್ಕೆ ಎಲ್ಲರಿಗೂ ಹಕ್ಕಿದೆ. ಅದರ ಮೇಲೆ ಈ ಮಾತು ಹತ್ತು ಸಲ ಕೇಳುವಷ್ಟು ತೂಕದ್ದು.

ಎಂಬತ್ತೊಂದರ ಮುತ್ತುರಾಜ ದಿನಾ ಬೆಳಿಗ್ಗೆ ಆರಕ್ಕೆ ಬರಿಗಾಲಲ್ಲಿ ತಾರಸಿ ಹತ್ತಿ, ದೇವರಿಗೆ ದಾಸವಾಳ ಕಿತ್ತು ತರುತ್ತಿದ್ದರು. ದೇವರ ಹೂವಿಗೆ ಚಪ್ಪಲಿ ಕಾಲಲ್ಲಿ ಹೋಗುವುದು ಅವರ ಲೆಕ್ಕದಲ್ಲಿ ಮಹಾಪಾಪ. ಹೋದ ಗುರುವಾರ ಬೆಂಗಳೂರಿನ ಸಿದ್ದಾಪುರದ ಇದೇ ಮನೆಯ ಮೆಟ್ಟಿಲ ಬುಡದಲ್ಲಿ ತಲೆ ಒಡೆದು ಬಿದ್ದಿದ್ದಾಗ ಮಾತ್ರ ಎರಡೂ ಕಾಲಿಗೆ ಹವಾಯಿ ಚಪ್ಪಲಿ ಇತ್ತು.

“ವಯಸ್ಸಾದವರು, ಚಪ್ಪಲಿ ಜಾರಿದೆ. ಹನ್ನೊಂದರ ಕಾರ್ಯ ಮುಗಿಸ್ಕೊಳ್ಳಿ ಮೇಡಂ, ಸೋಮವಾರ ಫೈಲ್ ಮುಚ್ಚಿಬಿಡ್ತೀವಿ” ಅಂದಿದ್ದರು ಇನ್ಸ್‌ಪೆಕ್ಟರು. ಇವತ್ತು ಶುಕ್ರವಾರ, ಒಂಬತ್ತನೇ ದಿನ. ಆ ಫೈಲು ಮುಚ್ಚುವುದಕ್ಕೆ ಮೊದಲು ಮುತ್ತುರಾಜರ ಕಾಲಿಗೆ ಚಪ್ಪಲಿ ತೊಡಿಸಿದವರು ಯಾರು ಅಂತ ಶುಭಾಳಿಗೆ ಗೊತ್ತಾಗಬೇಕಿತ್ತು. ಅಪ್ಪನ ಒಬ್ಬಳೇ ಮಗಳು ಅವಳು.

ಒಬ್ಬಳೇ ಮಗಳು ಅನ್ನುವುದರ ಮೇಲೂ ಮೊನ್ನೆಯಿಂದ ಕಲ್ಲು ಬಿದ್ದಿತ್ತು. ಸಾವಿನ ಸುದ್ದಿ ತಿಳಿಸಿದ್ದಕ್ಕೆ ಉತ್ತರವಾಗಿ ಇಟಲಿಯ ರೊಕ್ಕಾಲ್ತಾ ಎಂಬ ಊರಿನ ಪುರಸಭೆಯಿಂದ ಒಂದು ಇಮೇಲ್ ಬಂದಿತ್ತು. ‘ನಿಮ್ಮ ತಂದೆಯ ಸಾವಿಗೆ ಸಂತಾಪ. ಅವರ ಮೂವರು ಗಂಡುಮಕ್ಕಳು ನಮ್ಮ ದೇಶದ ಪೌರತ್ವಕ್ಕೆ ಹಾಕಿದ ಅರ್ಜಿಗಳು ನಮ್ಮ ಕೈಸೇರಿವೆ. ನೀವೂ ಅರ್ಜಿ ಹಾಕುವಿರಾ?’

“ಮೂವರು ಗಂಡುಮಕ್ಕಳು!” ಶುಭಾ ಹಣೆ ಚಚ್ಚಿಕೊಂಡಳು. “ಹೆಣಕ್ಕೆ ಬೆಂಕಿ ಇಟ್ಟಿದ್ದು ನಾನು, ಪಂಕಜಾ ಅವರೇ. ಅಣ್ಣ ತಮ್ಮ ಅಂತ ಒಬ್ಬ ಇದ್ದಿದ್ರೆ ಅವತ್ತು ಬರ್ತಿರಲಿಲ್ವಾ?”

ರೊಕ್ಕಾಲ್ತಾ ಅಂದರೆ ಹಿಮದ ಬೆಟ್ಟಗಳ ಸಂದಿಯಲ್ಲಿ ಏಳುನೂರು ಜನರ ಊರು. ಅರ್ಧ ಊರಿಗೆ ಒಂದೇ ಮನೆತನದ ಹೆಸರಾದ್ದರಿಂದ ಗುರುತಿಗೆ ಮನೆಮನೆಗೂ ಒಂದೊಂದು ಅಡ್ಡಹೆಸರಿದೆಯಂತೆ. ಅಲ್ಲಿ ‘ಕೋಗಿಲೆ ಮನೆ’ ಅಂತ ಕರೆಸಿಕೊಂಡ ಮನೆಯವನು ಬೊರ್ತೊಲೊ, ಕಲ್ಲುಕುಟಿಗ. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಬೆಂಗಳೂರಿನ ಕೈದಿಗಳ ಶಿಬಿರಕ್ಕೆ ಬಂದ. ಶಿಬಿರಕ್ಕೆ ಸೊಪ್ಪು ಒಯ್ಯುವ ಲಾರಿಯಲ್ಲಿ ಯಡಿಯೂರಿನ ತೋಟಕ್ಕೆ ಬರುತ್ತಿದ್ದ. ತೋಟದಲ್ಲಿ ಸೊಪ್ಪು ಕಟ್ಟುವ ಅಣ್ಣಮ್ಮ ಇದ್ದಳು. ಮುಂದಿನದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯುದ್ಧ ಮುಗಿದು ಕೈದಿಗಳನ್ನು ವಾಪಸು ಕಳಿಸಿದ ಮೇಲೆ ಅಣ್ಣಮ್ಮ ಎರಡು ಮಕ್ಕಳನ್ನು ಕಟ್ಟಿಕೊಂಡು ಸಿದ್ದಾಪುರಕ್ಕೆ ಬಂದಳು. ಗಂಡು ನನ್ನದು, ಹೆಣ್ಣು ಸತ್ತುಹೋದ ನಮ್ಮಕ್ಕಂದು ಅಂದಳು. ಅಂದಿನಿಂದ ಮುತ್ತುರಾಜನಿಗೆ ಬೀದಿಯಲ್ಲಿ ಇದ್ದದ್ದು ಒಂದೇ ಹೆಸರು, ‘ಕೈದಿ ಮಗ’. ಹುಡುಗನ ಬಣ್ಣ ಕಪ್ಪು. “ತಾಯಿ ಬಣ್ಣ ಬಂದಿದೆ, ಬುದ್ಧಿ ಯಾರದ್ದೋ” ಅಂತ ಜನ ಅದಕ್ಕೂ ಒಂದು ಮಾತು ಸೇರಿಸಿದರು. ಸ್ಕೂಲಲ್ಲಿ, ಕೆಲಸದಲ್ಲಿ, ಹೆಣ್ಣು ಕೇಳಲು ಹೋದ ಮನೆಗಳಲ್ಲಿ ಅವರು ಅದನ್ನು ಕೇಳಿಸಿಕೊಂಡೇ ಬದುಕಿದರು. ಎಂಬತ್ತಾದ ಮೇಲೆ ಅವರಿಗೆ ಒಂದೇ ಹಂಬಲ, ಅಪ್ಪನ ಊರನ್ನು ಒಂದು ಸಲ ನೋಡಬೇಕು.

ಆ ಹಂಬಲವೇ ಅವರ ಜೀವ ತೆಗೆಯಿತು ಅಂತ ಪಂಕಜಾಳಿಗೆ ಅನ್ನಿಸತೊಡಗಿತ್ತು.

“ಇನ್ನೊಂದು ಸಲ ಫೋಟೋ ಕೊಡಿ” ಅಂದಳು.

ಅಂಗೈಯಗಲದ ಹಳೇ ಫೋಟೋ. ಬೊರ್ತೊಲೊ ಸಾಯುವ ತನಕ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದನಂತೆ, ಹೋದ ತಿಂಗಳು ಅವನ ಊರಿನವರು ಕಳಿಸಿಕೊಟ್ಟಿದ್ದರು. ಕುರ್ಚಿಯಲ್ಲಿ ಅಣ್ಣಮ್ಮ. ತೊಡೆಯ ಮೇಲೆ ಒಂದೂವರೆ ವರ್ಷದ ಮಗು. ಮಗುವಿಗೆ ಜರಿ ಲಂಗ, ಕೆನ್ನೆಗೆ ದೃಷ್ಟಿಬೊಟ್ಟು, ಚೌಲಿ ಸೇರಿಸಿ ಹೆಣೆದ ಮೊಗ್ಗಿನ ಜಡೆಯನ್ನು ಹೆಗಲ ಮೇಲಿಂದ ಮುಂದಕ್ಕೆ ಎಳೆದು ಬಿಟ್ಟಿದ್ದರು. ಫೋಟೋದ ಕೆಳಗಿನ ಅಂಚು ಮಾಸಿ ಮಗುವಿನ ಪಾದಗಳು ಮಸಿ ಬಳಿದಂತೆ ಕಾಣುತ್ತಿದ್ದವು.

“ಮುಡಿ ತೆಗೆಸೋಕೆ ಮುಂಚೆ ಅಪ್ಪಂಗೆ ಹೆಣ್ಣು ವೇಷ ಹಾಕಿಸಿರೋದು,” ಶುಭಾ ಅಳುವಿನ ನಡುವೆಯೇ ಸಣ್ಣಗೆ ನಕ್ಕಳು.

ಪಂಕಜಾಳಿಗೂ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಅವಳ ಸ್ವಂತ ತಮ್ಮನ ಇಂಥದ್ದೇ ಫೋಟೋ ತ್ಯಾಗರಾಜನಗರದ ಮನೆಯಲ್ಲಿತ್ತು, ಲಂಗ, ಜಡೆ, ಡಾಬು ಸಮೇತ. ಆ ತಮ್ಮ ಈಗ ಬ್ಯಾಂಕಿನಿಂದ ನಿವೃತ್ತನಾಗಿದ್ದಾನೆ, ಫೋಟೋ ತೆಗೆದರೆ ಈಗಲೂ ಕೋಪ ಮಾಡಿಕೊಳ್ಳುತ್ತಾನೆ.

“ನೀವು ನೋಡಿದ್ರಾ ವಿಜಯಮ್ಮ?” ಪಂಕಜಾ ಫೋಟೋವನ್ನು ಮೂಲೆಯಲ್ಲಿದ್ದ ಮುದುಕಿಯ ಕಡೆಗೆ ಹಿಡಿದಳು.

ಮುತ್ತುರಾಜರ ಜೊತೆ ತಂಗಿಯಾಗಿ ಬೆಳೆದ ವಿಜಯಲಕ್ಷ್ಮಿ ಗೋಡೆಗೊರಗಿ ಕಾಲು ಚಾಚಿ ಕೂತಿದ್ದರು. ಗಂಡ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಅಣ್ಣನ ಮನೆಯಲ್ಲೇ ಇದ್ದವರು. ಶುಭಾ ಅವರ ಮಂಡಿಯಿಂದ ಪಾದದವರೆಗೆ ಎಣ್ಣೆ ತಿಕ್ಕುತ್ತಿದ್ದಳು. ಸೀರೆ ಮೇಲಕ್ಕೆ ಸರಿದಿತ್ತು. ಎಡಪಾದದ ಗಂಟಿನ ಮೇಲೆ ಹುಣಸೆ ಬೀಜದಷ್ಟು ದೊಡ್ಡ ಕಪ್ಪು ಮಚ್ಚೆ. ಪಂಕಜಾ ಅದನ್ನು ನೋಡಿದಳು, ನೋಡಿ ಸುಮ್ಮನಾದಳು.

ವಿಜಯಮ್ಮ ಫೋಟೋ ಮುಟ್ಟಲಿಲ್ಲ. ಮುಖ ಆಚೆ ತಿರುಗಿಸಿ, “ನನ್ನ ಕಣ್ಣಿಗೆ ಕಾಣಲ್ಲ ಕಣಮ್ಮ” ಅಂದರು. ಐದು ನಿಮಿಷದ ಹಿಂದೆ ಅದೇ ಕಣ್ಣಲ್ಲಿ ಅಕ್ಕಿಯಲ್ಲಿನ ಕಲ್ಲು ಆರಿಸುತ್ತಿದ್ದರು.

ಅಷ್ಟರಲ್ಲಿ ಬಾಗಿಲಲ್ಲಿ ಕ್ಯಾರಿಯರ್ ಸದ್ದಾಯಿತು. ಮೇಲಿನ ಮನೆಯ ಬಾಡಿಗೆದಾರ ಸೀನು. ನಲವತ್ತರ ಆಸುಪಾಸು, ಗಡ್ಡ, ಎಡ ಹುಬ್ಬಿನ ನಡುವೆ ಹಳೇ ಗಾಯದ ಸೀಳು. ಸೂತಕದ ಮನೆಯಲ್ಲಿ ಸರಿಯಾಗಿ ಒಲೆ ಹಚ್ಚುವವರಿಲ್ಲ ಅಂತ ಒಂಬತ್ತು ದಿನದಿಂದ ಊಟ ತಂದುಕೊಡುತ್ತಿದ್ದವನು ಅವನೇ. ಚಟ್ಟಕ್ಕೆ ಹೆಗಲು ಕೊಟ್ಟವನೂ ಅವನೇ.

“ಶುಭಕ್ಕ, ಪುಳಿಯೋಗರೆ ಇದೆ, ತಿಂದ್ಬಿಡಿ. ಅಜ್ಜೀ, ಮಧ್ಯಾಹ್ನ ಕಾರ್ ಫ್ರೀ ಇದೆ, ಮಂಡಿ ಡಾಕ್ಟ್ರ ಹತ್ರ ಹೋಗ್ಬರೋಣ ಬನ್ನಿ. ಒಂದು ಜೊತೆ ಮೆತ್ತನೆ ಚಪ್ಪಲಿನೂ ತಂದಿದೀನಿ.”

“ಹನ್ನೊಂದು ಮುಗಿಯೋವರೆಗೂ ನಾನು ಕಾಲಿಗೆ ಚಪ್ಪಲಿ ಹಾಕಲ್ಲಪ್ಪ. ಅಣ್ಣಂಗೆ ಅಷ್ಟಾದ್ರೂ ಬೇಡ್ವಾ?” ಅಂದರು ವಿಜಯಮ್ಮ.

ಈ ಕಾಲದಲ್ಲೂ ಇಂಥ ಬಾಡಿಗೆದಾರರು ಸಿಗುತ್ತಾರಲ್ಲ ಅಂದುಕೊಂಡು ಪಂಕಜಾ ಸ್ಕೂಟರ್ ಹತ್ತಿದಳು. ಆಮೇಲೆ ಎಷ್ಟೋ ದಿನ ಈ ಯೋಚನೆ ನೆನಪಾದಾಗಲೆಲ್ಲ ಅವಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತಿತ್ತು.

*

ಬಿಟಿಎಂ ಲೇಔಟಿನ ಎರಡನೇ ಹಂತದಲ್ಲಿ, ಕೆಳಗೆ ಮೋಮೋ ಅಂಗಡಿ, ಮೇಲೆ ಹುಡುಗಿಯರ ಪೀಜಿ ಇರುವ ಕಟ್ಟಡದ ನಡುವಿನ ಮಹಡಿಯಲ್ಲಿ, ಮುತ್ತುರಾಜರು ಅಪ್ಪನ ಊರು ಹುಡುಕಿಸಲು ಹೋಗುತ್ತಿದ್ದ ‘ಬೇರು’ ಎಂಬ ಕಚೇರಿಯ ಬೋರ್ಡಿತ್ತು. ಕೆಳಗೆ ಸಣ್ಣಕ್ಷರದಲ್ಲಿ ‘ನಿಮ್ಮ ಪೂರ್ವಜರನ್ನು ನಾವು ಹುಡುಕುತ್ತೇವೆ.’

ಒಳಗೆ ಕಂಪ್ಯೂಟರ್ ಮುಂದೆ ಅದನ್ನು ನಡೆಸುವ ಆಶ್ರಿತ್ ಕೂತಿದ್ದ. ಮೂವತ್ತು ಮೂವತ್ತೆರಡು ಇರಬಹುದು. ಗೋಡೆಯ ತುಂಬ ಯಾರುಯಾರದ್ದೋ ವಂಶವೃಕ್ಷಗಳು, ಒಂದು ಹಿಮದ ಬೆಟ್ಟ, ಬೆಟ್ಟದ ಬುಡದಲ್ಲಿ ಚೂಪು ಗೋಪುರದ ಚರ್ಚು.

“ಬನ್ನಿ ಆಂಟಿ, ಕೂತ್ಕೊಳಿ. ನಿಮ್ದು ಯಾವ ಕಂಟ್ರಿ? ಪೋರ್ಚುಗಲ್ಲಾ?”

“ನಮ್ದು ಮಾಗಡಿ” ಅಂದಳು ಪಂಕಜಾ.

ಅವನು ನಕ್ಕ. ಅವಳು ನಗಲಿಲ್ಲ. ಬ್ಯಾಗಿನಿಂದ ಒಂದು ಜೆರಾಕ್ಸ್ ತೆಗೆದು ಮೇಜಿನ ಮೇಲಿಟ್ಟಳು. ರೊಕ್ಕಾಲ್ತಾದಿಂದ ಬಂದ ಇಮೇಲ್ ಜೊತೆಗಿದ್ದ ಕಾಗದ, ಮುತ್ತುರಾಜರ ಜನನ ದಾಖಲೆಯ ನಕಲು.

“ಇದು ನೀವು ಮಾಡಿಸಿಕೊಟ್ಟಿದ್ದಾ?”

“ಹೂಂ. ಮುತ್ತುರಾಜ್ ಅಂಕಲ್‌ದು. ಪಾಪ, ಹೋಗ್ಬಿಟ್ರಂತೆ. ಇದು ಒರಿಜಿನಲ್ ರಿಜಿಸ್ಟರಿಂದಾನೇ ತೆಗೆಸಿದ್ದು ಆಂಟಿ. ನಮ್ದು ಜೆನ್ಯೂನ್ ಸರ್ವಿಸ್.”

“ಓದಿ ನೋಡೋಣ. ಕನ್ನಡಕ ಮನೇಲಿ ಬಿಟ್ಟು ಬಂದಿದೀನಿ.”

ಕನ್ನಡಕ ಅವಳ ತಲೆಯ ಮೇಲೇ ಇತ್ತು. ಆಶ್ರಿತ್ ಅದನ್ನು ಗಮನಿಸಲಿಲ್ಲ.

“ಜನನ ದಿನಾಂಕ ಹದಿನಾಲ್ಕು ಜನವರಿ ನಲವತ್ತೈದು. ತಾಯಿ ಅಣ್ಣಮ್ಮ, ಯಡಿಯೂರು ತೋಟ. ಗಂಡು. ಮಗುವಿನ ಹೆಸರು ಮುತ್ತುರಾಜ. ನೋಂದಣಿ ಹದಿನಾರು ಜನವರಿ.”

“ಹುಟ್ಟಿ ಮೂರನೇ ದಿನ?”

“ಹೌದು.”

“ಅಪ್ಪಾ ಆಶ್ರಿತ್, ನಿನಗೆ ಹೆಸರಿಟ್ಟಿದ್ದು ಯಾವಾಗ?”

“ಗೊತ್ತಿಲ್ಲ ಆಂಟಿ. ಅಪ್ಪ ಅಮ್ಮ ಮುಂಚೇನೇ ಡಿಸೈಡ್ ಮಾಡಿದ್ರಂತೆ. ಆಸ್ಪತ್ರೆ ಫಾರ್ಮಲ್ಲೇ ಬರೆಸಿದ್ರು ಅನ್ಸುತ್ತೆ.”

“ಅದು ನಿನ್ನ ಕಾಲ. ಆ ಕಾಲದಲ್ಲಿ ಹನ್ನೆರಡು ದಿನ ಕಳೆದು ತೊಟ್ಟಿಲಿಗೆ ಹಾಕೋವರೆಗೆ ಮಗುಗೆ ಹೆಸರೇ ಇಲ್ಲ. ಮೂರನೇ ದಿನ ಸೂಲಗಿತ್ತಿ ಬಂದು ಗುಮಾಸ್ತನಿಗೆ ಹೇಳ್ತಿದ್ದಿದ್ದು ಎರಡೇ ಮಾತು, ತಾಯಿ ಇಂಥೋಳು, ಮಗು ಗಂಡೋ ಹೆಣ್ಣೋ. ರಿಜಿಸ್ಟರಲ್ಲಿ ಮಗು ಹೆಸರಿಗೆ ಕಾಲಮ್ಮೇ ಇರಲಿಲ್ಲ ಕಣಪ್ಪ. ಆ ರಿಜಿಸ್ಟರುಗಳ ಧೂಳು ಮೂವತ್ನಾಲ್ಕು ವರ್ಷ ಕುಡಿದಿದೀನಿ ನಾನು. ಜನನ ಮರಣ ವಿಭಾಗ. ನಿನ್ನ ಸೀಲು ಚೆನ್ನಾಗಿದೆ, ಸಹಿ ಚೆನ್ನಾಗಿದೆ, ಕಾಗದಾನೂ ಟೀ ನೀರಲ್ಲಿ ಅದ್ದಿ ಹಳೇದು ಮಾಡಿದೀಯ. ಆದ್ರೆ ತೊಟ್ಟಿಲಿಗೆ ಹಾಕೋ ಮುಂಚೆ ಹೆಸರು ಎಲ್ಲಿಂದ ತಂದೆ?”

ಪಂಕಜಾ ಕೆಲಸದಿಂದ ನಿವೃತ್ತಳಾಗಿ ಮನೆಯ ಮುಂದಿನ ಕೋಣೆಗೆ ಪತ್ತೇದಾರಿ ಬೋರ್ಡು ಹಾಕಿದಾಗ ಬೀದಿಗೆ ಬೀದಿಯೇ ನಕ್ಕಿತ್ತು. ಆಶ್ರಿತ್‌ನ ಮುಖ ಈಗ ನೋಡಿದ್ದರೆ ಅವರು ಅಷ್ಟು ನಗುತ್ತಿರಲಿಲ್ಲ.

“ಮೇಡಂ...” ಅಂದ. ಆಂಟಿ ಮೇಡಂ ಆಗಿದ್ದಳು.

“ಮುತ್ತುರಾಜರನ್ನ ಯಾರೋ ಮೆಟ್ಟಿಲಿಂದ ತಳ್ಳಿದ್ದಾರೆ. ಕಳ್ಳ ಕಾಗದ ನಿನ್ನದು. ಮೊದಲು ನಿನ್ನ ಮನೆ ಬಾಗಿಲಿಗೇ ಪೊಲೀಸ್ರು ಬರ್ತಾರೆ. ನನ್ನ ಹತ್ರ ಹೇಳ್ತೀಯೋ, ಅವರ ಹತ್ರ ಹೇಳ್ತೀಯೋ?”

“ತಳ್ಳಿದ್ದಾರಾ?” ಆಶ್ರಿತ್ ಎದ್ದು ನಿಂತ, ಮತ್ತೆ ಕೂತ. “ದೇವರಾಣೆ ನಂಗೊತ್ತಿಲ್ಲ ಮೇಡಂ. ಜಾರಿ ಬಿದ್ರು ಅಂತ ಹೇಳಿದ್ದ ಅವನು.”

“ಯಾರು ಅವನು?”

ಕೆಳಗಿನ ಅಂಗಡಿಯಿಂದ ಸುಟ್ಟ ಎಣ್ಣೆಯ ವಾಸನೆ ಕಿಟಕಿಯೊಳಗೆ ಬರುತ್ತಿತ್ತು. ಪಂಕಜಾ ಕಾದಳು. ಸರ್ಕಾರಿ ಕಚೇರಿಯಲ್ಲಿ ಸವೆದವರಿಗೆ ಕಾಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

“ರವಿಕುಮಾರ ಅಂತ ಮೇಡಂ,” ಕೊನೆಗೂ ಬಾಯಿಬಿಟ್ಟ. “ಅಂಕಲ್ ನಂಬರ್ ಕೊಟ್ಟಿದ್ದು ಅವನೇ. ಅಂಕಲ್ ಕೆಲಸಾನ ನಾನು ನಿಯತ್ತಾಗೇ ಮಾಡ್ದೆ. ಆ ಊರಿಗೆ ಬರೆದೆ, ಬೊರ್ತೊಲೊ ಮನೆ ಹುಡುಕಿಸ್ದೆ. ಬೊರ್ತೊಲೊ ಕೂಡ ಇಂಡಿಯಾದಲ್ಲಿ ನನಗೊಂದು ಮಗು ಇದೆ ಅಂತ ಅಲ್ಲಿನ ಪಾದ್ರಿ ಹತ್ರ ಬರೆದಿಟ್ಟಿದಾನೆ. ಎಲ್ಲಾ ಸರಿ ಇತ್ತು. ಇಲ್ಲಿಯ ಜನನ ದಾಖಲೆ ಒಂದು ಸಿಗಲಿಲ್ಲ. ಎರಡು ಸಲ ಅರ್ಜಿ ಹಾಕ್ದೆ. ಅಣ್ಣಮ್ಮನ ಹೆಸರಲ್ಲಿ ಗಂಡು ಮಗು ಎಂಟ್ರಿನೇ ಇಲ್ಲ ಅಂದ್ರು. ಆಗ ರವಿಕುಮಾರ, ಗುರು, ಒಂದು ಮಾಡಿಬಿಡು ಅಂದ. ಮಾಡ್ದೆ.”

“ಮೂವರು ಗಂಡುಮಕ್ಕಳನ್ನೂ ಮಾಡ್ದೆ.”

ಅವನು ತಲೆ ತಗ್ಗಿಸಿದ. “ಬೊರ್ತೊಲೊ ಮೊಮ್ಮಕ್ಕಳು ಅಂತಾದ್ರೆ ಇಟಲಿ ಪಾಸ್‌ಪೋರ್ಟ್ ಸಿಗುತ್ತೆ ಮೇಡಂ. ಯೂರೋಪ್ ಪೂರ್ತಿ ಬಾಗಿಲು ತೆಗೀತದೆ. ರವಿಕುಮಾರ ತಾನೂ ಒಬ್ಬ ಮಗ ಆದ, ಇನ್ನಿಬ್ಬರನ್ನ ಸೇರಿಸ್ದ. ಅವನಿಗೆ ಇಲ್ಲಿ ಎರಡು ಕೇಸಿದೆ, ದೇಶ ಬಿಡಬೇಕಿತ್ತು. ಅಂಕಲ್‌ಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವರಿಗೆ ಪಾಸ್‌ಪೋರ್ಟ್ ಬೇಕಾಗೂ ಇರಲಿಲ್ಲ. ಅಪ್ಪನ ಸಮಾಧಿ ಮೇಲೆ ಒಂದು ಹಿಡಿ ದಾಸವಾಳ ಹಾಕ್ಬೇಕು, ಅಲ್ಲಿ ದಾಸವಾಳ ಸಿಗುತ್ತಾ ಅಂತ ಕೇಳೋರು.”

ಎಂಬತ್ತು ವರ್ಷ ಬೈಸಿಕೊಂಡ ಮನುಷ್ಯ, ಬೈಗುಳಕ್ಕೆ ಕಾರಣನಾದವನ ಗೋರಿಗೆ ಹೂವು ಹಾಕಲು ಹೊರಟಿದ್ದ.

“ಕೊನೇ ಸಲ ಬಂದಿದ್ದು ಯಾವಾಗ?”

“ಸಾ... ಹೋಗೋಕೆ ಹಿಂದಿನ ದಿನ, ಬುಧವಾರ. ಫೋಟೋ ದೊಡ್ಡದು ಮಾಡಿ ಕ್ಲೀನ್ ಮಾಡಿಕೊಡು ಅಂದಿದ್ರು, ಗೋಡೆಗೆ ಹಾಕೋಕೆ. ನಾನು ಸ್ಕ್ರೀನ್ ಮೇಲೆ ತೋರಿಸ್ದೆ. ಅರ್ಧ ಗಂಟೆ ನೋಡಿದ್ರು ಮೇಡಂ. ಬೆರಳಿಟ್ಟು ನೋಡಿದ್ರು. ಆಮೇಲೆ, ಇದು ನಾನಲ್ಲ ಕಣಯ್ಯ, ಅಂದ್ರು. ನಾನು ಆ ಮನುಷ್ಯನ ಮಗ ಅಲ್ಲ. ಆ ಊರಿನೋರಿಗೆ ಸುಳ್ಳು ಹೇಳ್ಬಾರದು, ನಾಳೆನೇ ಕಾಗದ ಬರೀತೀನಿ, ನೀನೂ ಬರೆದುಬಿಡು ಅಂದ್ರು. ಅಳ್ತಿದ್ರು, ನಗ್ತಾನೂ ಇದ್ರು. ನನಗೆ ಏನೂ ಅರ್ಥ ಆಗಲಿಲ್ಲ.”

“ಆ ಫೋಟೋ ತೆಗಿ.”

ಪರದೆಯ ಮೇಲೆ ಅಣ್ಣಮ್ಮ ಎದ್ದು ಬಂದಳು. ಮಸಿಯೆಲ್ಲ ತೊಳೆದು ಹೋಗಿತ್ತು. ಲಂಗದ ಜರಿ, ಜಡೆಯ ಮೊಗ್ಗು, ಮಗುವಿನ ಕೆಳದುಟಿಯ ಜೊಲ್ಲು ಕೂಡ ಕಾಣುತ್ತಿತ್ತು.

“ಕೆಳಗೆ. ಇನ್ನೂ ಕೆಳಗೆ. ಕಾಲು ತೋರಿಸು.”

ಲಂಗದ ಅಂಚಿನ ಕೆಳಗೆ ಎರಡು ಪುಟ್ಟ ಪಾದ. ಬೆಳ್ಳಿಯ ಕಾಲ್ಗೆಜ್ಜೆ. ಎಡಗಾಲಿನ ಗೆಜ್ಜೆಯ ಮೇಲೆ ಕಪ್ಪು ಮಚ್ಚೆ. ಹುಣಸೆ ಬೀಜದ ಆಕಾರ.

ಪಂಕಜಾ ಕನ್ನಡಕ ಇಳಿಸಿ ಮೂಗಿಗೇರಿಸಿದಳು. ಬೆಳಿಗ್ಗೆ ಆ ಮಚ್ಚೆಯ ಮೇಲೆ ಶುಭಾಳ ಎಣ್ಣೆ ಕೈ ಆಡುತ್ತಿದ್ದದ್ದು ಕಣ್ಣ ಮುಂದೆ ಬಂತು. ನನ್ನ ಕಣ್ಣಿಗೆ ಕಾಣಲ್ಲ ಕಣಮ್ಮ.

ಅಯ್ಯೋ ಶಿವನೇ, ಅಂದುಕೊಂಡಳು.

ಫೋನು ಹೊಡೆದುಕೊಂಡಿತು. ಹಳೇ ದಾಖಲೆಗಳ ಕೊಠಡಿಯಲ್ಲಿ ಈಗಲೂ ಕೆಲಸದಲ್ಲಿರುವ ದ್ಯಾಮಣ್ಣ. ಹಾವೇರಿ ಕಡೆಯವನು. ನಲವತ್ತೈದರ ಜನವರಿ ಪುಟಗಳನ್ನು ನೋಡಪ್ಪ ಅಂತ ಬೆಳಿಗ್ಗೆಯೇ ಹೇಳಿದ್ದಳು.

“ಅಕ್ಕಾರ, ಸಿಕ್ತ್ರಿ. ಧೂಳಾಗ ಮುಳುಗಿ ಎದ್ದೀನಿ ನೋಡ್ರಿ. ತಾಯಿ ಅಣ್ಣಮ್ಮ, ಯಡಿಯೂರ ತ್ವಾಟ. ತಂದಿ ಹೆಸರಿನ ಜಾಗಾದಾಗ ಅಡ್ಡಗೆರಿ ಹೊಡದಾರ. ದಿನಾನೂ ನೀವು ಹೇಳಿದ್ದ ಐತಿ.”

“ಮಗು?”

“ಅದ್ರಿ ಅಕ್ಕಾರ, ನೀವು ಗಂಡು ಅಂತ ಹೇಳಿದ್ರಿ. ಇಲ್ಲಿ ಹೆಣ್ಣು ಅಂತ ಬರದಾರ. ಮೂರು ಸಲ ನೋಡೀನ್ರಿ. ಹೆಣ್ಣ ಐತಿ.”

“ಫೋಟೋ ಕಳಿಸು ದ್ಯಾಮಣ್ಣ. ಆ ಪುಸ್ತಕ ಯಾರ ಕೈಗೂ ಕೊಡಬೇಡ.”

ಫೋಟೋದಲ್ಲಿದ್ದದ್ದು ಹೆಣ್ಣು ವೇಷ ಹಾಕಿದ ಗಂಡು ಮಗುವಲ್ಲ. ಹೆಣ್ಣು ಮಗುವೇ. ಲಂಗ ಉಟ್ಟ ಹೆಣ್ಣು ಮಗುವನ್ನು ಕಣ್ಣ ಮುಂದಿಟ್ಟುಕೊಂಡು, ಇದು ಗಂಡು ಅಂತ ಎಲ್ಲರೂ ಹೇಳಿದರು. ಮನೆಮನೆಯ ಆಲ್ಬಮ್ಮಿನಲ್ಲೂ ಅಂಥ ಒಂದು ಫೋಟೋ ಇದ್ದದ್ದರಿಂದ ಯಾರೂ ಎರಡನೇ ಸಲ ಯೋಚಿಸಲಿಲ್ಲ. ಪಂಕಜಾ ಕೂಡ.

ಬೊರ್ತೊಲೊನ ಮಗಳು ವಿಜಯಲಕ್ಷ್ಮಿ. ಅಕ್ಕನ ಮಗು ಮುತ್ತುರಾಜ. ಅಣ್ಣಮ್ಮ ಹುಟ್ಟಿದ ದಿನದ ಸಮೇತ ಅದಲುಬದಲು ಮಾಡಿ ಹೇಳಿದ್ದಳು. ಎಂಬತ್ತು ವರ್ಷ ‘ಕೈದಿ ಮಗ’ ಅನ್ನಿಸಿಕೊಂಡವನು ಬುಧವಾರ ಈ ಕುರ್ಚಿಯಲ್ಲಿ ಕೂತು ಅದನ್ನು ಕಂಡುಕೊಂಡ. ಗುರುವಾರ ಬೆಳಗಾಗುವಷ್ಟರಲ್ಲಿ ಅವನನ್ನು ಮುಗಿಸಿದರು. ಅವನು ಬರೆಯಬೇಕಿದ್ದ ಒಂದು ಕಾಗದ ಸಾಕಿತ್ತು, ಮೂವರು ಸುಳ್ಳು ಗಂಡುಮಕ್ಕಳೂ ಕಸದ ಬುಟ್ಟಿಗೆ ಹೋಗುತ್ತಿದ್ದರು.

ಆ ಕಾಗದಕ್ಕಿಂತ ದೊಡ್ಡ ಸಾಕ್ಷಿ ಇನ್ನೂ ಬದುಕಿತ್ತು. ವಿಜಯಮ್ಮನ ಒಂದು ಮಾತು, ಒಂದು ಹನಿ ರಕ್ತ.

“ಬುಧವಾರ ಅಂಕಲ್ ಹೇಳಿದ್ದನ್ನ ನೀನು ಯಾರಿಗೆ ಹೇಳ್ದೆ?”

“ರವಿಕುಮಾರಂಗೆ. ಅವನೊಬ್ಬನಿಗೇ. ಸಾಯಂಕಾಲ ಫೋನ್ ಮಾಡ್ದೆ. ಮಾತಾಡಿ ಸರಿಮಾಡ್ತೀನಿ ಅಂದ.” ಆಶ್ರಿತ್‌ನ ತುಟಿ ಒಣಗಿತ್ತು. “ಮೇಡಂ, ನಾನು ಫೋನ್ ಮಾಡಿದ್ದಕ್ಕೇನಾ...”

“ಆ ಮಗು ಯಾರು ಅಂತ ಅಂಕಲ್ ಹೇಳಿದ್ರಾ?”

“ಇಲ್ಲ. ನಾನಲ್ಲ ಅಂದ್ರು ಅಷ್ಟೇ.”

ಅಂದರೆ ರವಿಕುಮಾರನಿಗೆ ವಿಜಯಮ್ಮನ ವಿಷಯ ಗೊತ್ತಿಲ್ಲ. ಪಂಕಜಾಳಿಗೆ ಅರ್ಧ ಉಸಿರು ಬಂತು.

“ಅವನ ಅರ್ಜಿ ತೆಗಿ. ಮುಖ ನೋಡ್ಬೇಕು.”

ಆಶ್ರಿತ್ ಫೈಲು ಬಿಡಿಸಿದ. ಮೂರು ಅರ್ಜಿ, ಮೂರು ಫೋಟೋ. ಮೊದಲನೆಯದರ ಕೆಳಗೆ ‘ರವಿಕುಮಾರ, ತಂದೆ ಮುತ್ತುರಾಜ’. ಗಡ್ಡವಿಲ್ಲ, ನುಣ್ಣಗೆ ಬೋಳಿಸಿದ ಮುಖ. ತಲೆಗೂದಲು ಒತ್ತಾಗಿ ಬಾಚಿತ್ತು. ಪಂಕಜಾ ಮುಖವನ್ನೆಲ್ಲ ಬಿಟ್ಟು ಎಡ ಹುಬ್ಬನ್ನು ನೋಡಿದಳು. ನಡುವೆ ಸೀಳು.

ಪುಳಿಯೋಗರೆ ಇದೆ, ತಿಂದ್ಬಿಡಿ.

ಫೋನು ಎತ್ತಿಕೊಂಡು ಶುಭಾಳಿಗೆ ಮಾಡಿದಳು.

“ಶುಭಾ, ವಿಜಯಮ್ಮ ಎಲ್ಲಿ?”

“ಅತ್ತೇನಾ? ಸೀನು ಕರ್ಕೊಂಡು ಹೋದ. ಮಂಡಿ ಡಾಕ್ಟ್ರ ಹತ್ರ, ಇಲ್ಲೇ ಒಂಬತ್ತನೇ ಬ್ಲಾಕಲ್ಲಿ. ಒಂದೂವರೆ ಗಂಟೆ ಆಯ್ತು. ಬರಿಗಾಲಲ್ಲೇ ಹೋದ್ರು ಪಂಕಜಾ ಅವರೇ, ಅವನು ತಂದ ಚಪ್ಪಲಿ ಎಷ್ಟು ಹೇಳಿದ್ರೂ ಹಾಕಲಿಲ್ಲ. ಯಾಕೆ? ಏನಾಯ್ತು?”

“ನಿಮ್ಮಪ್ಪನ್ನ ತಳ್ಳಿದ್ದು ಸೀನು. ಅಳಬೇಡಿ, ಈಗ ಅಳಬೇಡಿ. ಅವನ ಕಾರ್ ನಂಬರ್ ಇನ್ಸ್‌ಪೆಕ್ಟರಿಗೆ ಕೊಡಿ. ಈಗಲೇ.”

ಆ ಕಡೆಯಿಂದ ಬಂದ ಸದ್ದು ಅಳುವೂ ಅಲ್ಲ, ಮಾತೂ ಅಲ್ಲ. ಪಂಕಜಾ ಫೋನಿಟ್ಟು ವಿಜಯಮ್ಮನ ನಂಬರು ಒತ್ತಿದಳು. ದೊಡ್ಡ ಗುಂಡಿಗಳ ಹಳೇ ಫೋನು ಅವರದ್ದು, ಸೊಂಟದಲ್ಲೇ ಸಿಕ್ಕಿಸಿಕೊಂಡಿರುತ್ತಿದ್ದರು. ಆರನೇ ರಿಂಗಿಗೆ ಎತ್ತಿದರು.

“ಹಲೋ, ಯಾರಮ್ಮ?”

“ನಾನು ಪಂಕಜಾ. ವಿಜಯಮ್ಮ, ಎಲ್ಲಿದೀರಿ? ಹುಷಾರಾಗಿ ಕೇಳಿ, ಮುಖದಲ್ಲಿ ಏನೂ ತೋರಿಸಬೇಡಿ.”

“ಜೋರಾಗಿ ಹೇಳಮ್ಮ, ಲಾರಿ ಸದ್ದು. ಕೋಣನಕುಂಟೆ ದಾಟಿದ್ವಿ ಅಂತಾನೆ ಸೀನು. ಡಾಕ್ಟ್ರು ಇರಲಿಲ್ವಂತೆ. ಯಾವುದೋ ಕಾಗದಕ್ಕೆ ನನ್ನ ಸಹಿ ಬೇಕಂತೆ, ಅವನ ಸ್ನೇಹಿತನ ಆಫೀಸಿಗೆ ಹೋಗ್ತಿದೀವಿ.”

“ಯಾವುದಕ್ಕೂ ಸಹಿ ಹಾಕಬೇಡಿ. ಜನ ಇರೋ ಕಡೆ ಇಳೀರಿ. ವಾಂತಿ ಬರುತ್ತೆ ಅನ್ನಿ, ಏನಾದ್ರೂ ಅನ್ನಿ.”

ವಿಜಯಮ್ಮನಿಗೆ ಕೇಳಿಸಿತೋ ಇಲ್ಲವೋ. ಮುದುಕಿಯ ಮಾತು ತನ್ನ ಹಾದಿಯಲ್ಲೇ ಹೋಗುತ್ತಿತ್ತು.

“ಪಂಕಜಮ್ಮ, ಬೆಳಿಗ್ಗೆ ನಿನಗೆ ಸುಳ್ಳು ಹೇಳ್ದೆ ಕಣಮ್ಮ. ಆ ಫೋಟೋ ನನ್ನ ಕಣ್ಣಿಗೆ ಚೆನ್ನಾಗೇ ಕಂಡಿತ್ತು. ಅದು ನಾನೇ. ನನ್ನ ಮದುವೆ ಹಿಂದಿನ ದಿನ ಅಮ್ಮ ಹೇಳಿದ್ಲು. ಹೆಣ್ಣು ಹುಡುಗಿ, ಕೈದಿ ಮಗಳು ಅಂದ್ರೆ ಯಾರು ತಾಳಿ ಕಟ್ತಾರೆ, ಅದಕ್ಕೇ ಆ ಹೆಸರು ಅವನ ತಲೆಗೆ ಕಟ್ಟಿದೆ, ನೀನು ಬಾಯಿ ಬಿಡಬೇಡ ಅಂದ್ಲು. ಅಣ್ಣ ಬೀದಿಲಿ ಬೈಸಿಕೊಂಡು ಬಂದಾಗೆಲ್ಲ ನಾನು ಒಳಗೆ ಕೂತು ಅನ್ನ ಬೇಯಿಸ್ತಿದ್ದೆ. ಒಂದಿನ, ಒಂದೇ ಒಂದಿನ ಹೇಳಲಿಲ್ಲಮ್ಮ. ಆ ಬುಧವಾರ ಸಂಜೆ ಬಂದು ನನ್ನ ಕಾಲು ಹಿಡ್ಕೊಂಡು ಮಚ್ಚೆ ನೋಡ್ದ. ಪುಟ್ಟೀ, ನಿನಗೋಸ್ಕರ ಅಂತ ಗೊತ್ತಿದ್ದಿದ್ರೆ ನಾನು ನಗ್ತಾ ಬೈಸಿಕೊಳ್ತಿದ್ನಲ್ಲೇ ಅಂದ.”

ಪಂಕಜಾ ಕಣ್ಣು ಮುಚ್ಚಿದಳು. ಆಶ್ರಿತ್ ಗೋಡೆಗೆ ಆನಿಕೊಂಡು ನಿಂತಿದ್ದ.

“ವಿಜಯಮ್ಮ, ಈ ಮಾತು ಈಗ ಬೇಡ. ಅವನ ಮುಂದೆ ಬೇಡ.”

“ಸೀನು ಬೇರೆಯವನಾ? ಹನ್ನೊಂದಕ್ಕೆ ಮುಂಚೆ ಯಾರ ಹತ್ರಾನಾದ್ರೂ ಹೇಳಿ ಹಗುರ ಆಗ್ಬೇಕು ಅನ್ನಿಸ್ತು. ದಾರಿಯುದ್ದಕ್ಕೂ ಅವನ ಹತ್ರ ಎಲ್ಲಾ ಹೇಳ್ದೆ. ಪಾಪ, ಒಂದೂ ಮಾತಾಡ್ದೆ ಕೇಳ್ದ. ಇಟಲಿಯೋರಿಗೂ ನಾನೇ ಹೇಳ್ತೀನಿ ಕಣಪ್ಪ, ನಮ್ಮಣ್ಣನ ಹೆಸರು ತೊಳೀತೀನಿ ಅಂದೆ.”

ಲಾರಿಗಳ ಸದ್ದು ನಿಂತಿತು. ಕಾರಿನ ಬಾಗಿಲು ತೆಗೆದ ಸದ್ದು ಕೇಳಿಸಿತು. ಎಲ್ಲೋ ನೀರು ಸುರಿಯುತ್ತಿತ್ತು.

“ಇದ್ಯಾಕಪ್ಪ ಇಲ್ಲಿ ನಿಲ್ಲಿಸ್ದೆ?” ವಿಜಯಮ್ಮನ ದನಿ ಫೋನಿನಿಂದ ದೂರವಾಯಿತು. “ಆಫೀಸು ಎಲ್ಲಿ? ಇಲ್ಲಿ ಬರೀ ಕಲ್ಲು ಒಡೆದ ಆಳದ ಗುಂಡಿ ಇದೆ.”

“ವಿಜಯಮ್ಮ! ಇಳಿಯಬೇಡಿ! ವಿಜಯಮ್ಮ!”

“ಅಯ್ಯೋ ಬಿಡಪ್ಪ ಸೀನು,” ಮುದುಕಿ ನಾಚಿಕೆಯಿಂದ ನಗುತ್ತಿರುವುದು ಕೇಳಿಸಿತು. “ದೊಡ್ಡವನಾಗಿ ನನ್ನ ಕಾಲಿಗೆ ನೀನ್ಯಾಕೆ ಚಪ್ಪಲಿ ತೊಡಿಸ್ತೀಯ?”

ಫೋನು ಕಟ್ಟಾಯಿತು.